ರಾಮಪತ್ರೆ ಜಡ್ಡಿಯ ಸರ್ವೆಗೆ ಡ್ರೋನ್ ಬೇಕೇ ಬೇಕಾ? ಕೊಟೇಶನ್ ನೋಡಿ ತಲೆ ಕೆಟ್ಟಿದೆ

ಹಳ್ಳದಂಚು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಘಟ್ಟದಂಚಿನ ಊರು. ತೋಟದ ಮೇಲ್ಗಡೆ ಹಳ್ಳದ ಗುಂಟ ಒಂದು ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಕುಟುಂಬದ ಮರಗಳ ಕೆಸರುಕಾಡು, ಇದೆ. ನಮ್ಮ ತಾಲೂಕಿನ ಕತ್ತಲೆಕಾನಿನ ಜಡ್ಡಿಯಷ್ಟು ಹೆಸರುವಾಸಿ ಅಲ್ಲ, ಯಾರೂ ಬಂದು ಬರೆದುಕೊಂಡು ಹೋಗಿದ್ದೂ ಇಲ್ಲ. ಆದರೆ ಏಪ್ರಿಲ್‌ನಲ್ಲಿ ಕಾಲಿಟ್ಟರೂ ಮೊಣಕಾಲವರೆಗೆ ಹೂತುಹೋಗುವ ಜಾಗ. ಅದರ ಒಂದು ಪಾಲು ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಜಾಗ) ಬರುತ್ತದೆ, ಉಳಿದದ್ದು ಕಾಡು.

ಈಚೆಗೆ ಮೇಲಿನ ಹಳ್ಳಕ್ಕೆ ಪೈಪ್ ಹಾಕುವವರು ಜಾಸ್ತಿಯಾಗಿದ್ದಾರೆ. ಫೆಬ್ರವರಿ ಬಂತು ಅಂದರೆ ಸಾಲಾಗಿ ಕಪ್ಪು ಪೈಪು. ಅವರನ್ನೂ ಬಯ್ಯುವ ಹಾಗಿಲ್ಲ, ಎಲ್ಲರಿಗೂ ಅಡಿಕೆ ತೋಟ ಒಣಗುವ ಚಿಂತೆ. ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಇಷ್ಟು ವರ್ಷ ಹೆಸರಿಗೆ ಮಾತ್ರ ಇತ್ತು, ಈಗ ಸ್ವಲ್ಪ ಎಚ್ಚರವಾಗಿದೆ. ಈ ಜಡ್ಡಿಯನ್ನು ಪಾರಂಪರಿಕ ಜೀವವೈವಿಧ್ಯ ತಾಣ ಅಂತ ಘೋಷಣೆ ಮಾಡಿಸೋಣ, ಅದಕ್ಕೆ ಸರಿಯಾದ ಸರ್ವೆ ಮತ್ತು ನಕ್ಷೆ ಬೇಕು ಅಂತ ತೀರ್ಮಾನ ಆಯಿತು.

ಒಂದು ಪರಿಸರ ಸಲಹಾ ಕಂಪನಿಯನ್ನು ಕೇಳಿದೆವು. ಕೊಟೇಶನ್ 1 ಲಕ್ಷ 80 ಸಾವಿರ. ಅದರಲ್ಲಿ ಡ್ರೋನ್ ಹಾರಾಟ, ಆರ್ಥೋಮೊಸಾಯಿಕ್ (ಡ್ರೋನ್ ಫೋಟೋಗಳನ್ನು ಜೋಡಿಸಿದ ಒಂದೇ ದೊಡ್ಡ ಚಿತ್ರ), ಎನ್‌ಡಿವಿಐ ನಕ್ಷೆ, 3ಡಿ ಮಾಡೆಲ್, ಬಣ್ಣದ ವರದಿ ಎಲ್ಲ ಉಂಟು. ಗಿಡಮರದ ಸರ್ವೆ ಅಂತ ಕಡೆಯಲ್ಲಿ ಒಂದೇ ಸಾಲು, ಅದಕ್ಕೆ ಒಂದು ದಿನ. ನನಗೆ ಇದು ತಿರುಗಾ ಮುರುಗಾ ಕಾಣುತ್ತಿದೆ. ಅಥವಾ ಈಗ ಕೆಲಸ ಹೀಗೇ ನಡೆಯುವುದಾ? ಡ್ರೋನ್ ಇಲ್ಲದಿದ್ದರೆ ಮೇಲಿನವರು ಒಪ್ಪುವುದಿಲ್ಲ ಅಂತ ಕಂಪನಿಯವರು ಹೇಳಿದರು. ನಮ್ಮ ಹತ್ತಿರ ಇರುವುದು ಪಂಚಾಯ್ತಿಯ ಸ್ವಲ್ಪ ದುಡ್ಡು, ಊರಿನ ನಾಲ್ಕು ಹುಡುಗರು, ಮತ್ತೆ ಜಡ್ಡಿಯ ಪ್ರತಿ ಮರ ಗೊತ್ತಿರುವ ಇಬ್ಬರು ಅಜ್ಜಂದಿರು. ತಿಳಿದವರು ದಾರಿ ತೋರಿಸಿ.

---

ನಕ್ಷೆಮಾಣಿ ಉತ್ತರ:

ಡ್ರೋನ್‌ಗೆ ಕಾಣುವುದು ಮರದ ತಲೆ. ಜಡ್ಡಿ ಇರುವುದು ಮರದ ಬುಡದಲ್ಲಿ. ನಿಮ್ಮ ಅನುಮಾನ ಸರಿಯಾಗಿಯೇ ಇದೆ ಮಾರಾಯ್ರೆ.

ನಾನು ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಕೆಲಸ ಮಾಡುವವನು, ಹಾಗಾಗಿ ನನ್ನ ಅಂಗಡಿಯ ಸಾಮಾನನ್ನೇ ಬಯ್ಯುತ್ತಿದ್ದೇನೆ ಅಂದುಕೊಳ್ಳಿ. ಎನ್‌ಡಿವಿಐ ಅಂದರೆ ಮಂತ್ರ ಏನಲ್ಲ. ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ವಾಪಸ್ ಎಸೆಯುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಹಸಿರು ಎಷ್ಟಿದೆ ಅಂತ ಹೇಳುತ್ತದೆ, ಯಾವ ಹಸಿರು ಅಂತ ಹೇಳುವುದಿಲ್ಲ. ಅದರಲ್ಲೂ ದಟ್ಟ ಕಾಡಿನಲ್ಲಿ ಆ ಸಂಖ್ಯೆ ಒಂದು ಮಟ್ಟಕ್ಕೆ ಹೋಗಿ ನಿಂತುಬಿಡುತ್ತದೆ. ಅಕೇಶಿಯಾ ಪ್ಲಾಂಟೇಶನ್, ಅಡಿಕೆ ತೋಟ, ನಿಮ್ಮ ಜಡ್ಡಿ, ಮೂರೂ ನಕ್ಷೆಯಲ್ಲಿ ಒಂದೇ ಕಡು ಹಸಿರು. ಇನ್ನೊಂದು, ಮಾಮೂಲಿ ಡ್ರೋನ್ ಕ್ಯಾಮೆರಾದಲ್ಲಿ ಅವಕೆಂಪು ಬ್ಯಾಂಡೇ ಇರುವುದಿಲ್ಲ. ಅವರ ಹತ್ತಿರ ಅದನ್ನೂ ಹಿಡಿಯುವ ಮಲ್ಟಿಸ್ಪೆಕ್ಟ್ರಲ್ ಕ್ಯಾಮೆರಾ ಇದೆಯಾ ಅಂತ ಒಂದು ಮಾತು ಕೇಳಿ ನೋಡಿ.

ದುಡ್ಡಿಲ್ಲದೆ ಸಿಗುವುದನ್ನು ಮೊದಲು ಬಳಸಿಕೊಳ್ಳಿ. ಯುರೋಪಿನವರ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಪೂರ್ತಿ ಉಚಿತ. ಮೊದಲ ಉಪಗ್ರಹ ಹಾರಿದ್ದು 2015ರಲ್ಲಿ. 10 ಮೀಟರ್‌ಗೆ ಒಂದು ಚುಕ್ಕಿ, ಸುಮಾರು 5 ದಿನಕ್ಕೊಮ್ಮೆ ಹೊಸ ಚಿತ್ರ. ಮಳೆಗಾಲದಲ್ಲಿ ನಮ್ಮ ಕಡೆ ಮೋಡ ಬಿಟ್ಟು ಬೇರೇನೂ ಕಾಣುವುದಿಲ್ಲ, ಅದನ್ನು ಮರೆತುಬಿಡಿ. ಫೆಬ್ರವರಿ, ಮಾರ್ಚ್ ಚಿತ್ರ ತೆಗೆದುಕೊಳ್ಳಿ. ಆಗ ಬೆಟ್ಟದ ಮತ್ತಿ, ನಂದಿ ಎಲ್ಲ ಎಲೆ ಉದುರಿಸಿರುತ್ತವೆ, ಹಳ್ಳದ ಗುಂಟ ಮಾತ್ರ ಹಸಿರು ಗೆರೆ ಎದ್ದು ಕಾಣುತ್ತದೆ. ಅದರಲ್ಲಿ ಅಡಿಕೆ ತೋಟ ಯಾವುದು ಅಂತ ನಿಮಗೇ ಗೊತ್ತು, ಅಳಿಸಿಬಿಡಿ. ಉಳಿದ ಗೆರೆಯೇ ನೀವು ನಡೆದು ನೋಡಬೇಕಾದ ಜಾಗ. ನಡೆಯದೆ ಅದನ್ನು ಜಡ್ಡಿ ಅಂತ ಬರೆಯಬೇಡಿ ಅಷ್ಟೇ.

ನನ್ನ ಪ್ರಕಾರ ನಕ್ಷೆ ನಿಜವಾಗಿ ದುಡಿಯುವ ಜಾಗ ಬೇರೆ ಇದೆ. ನೀವೇ ಹೇಳಿದ ಪೈಪಿನ ವಿಷಯ. ಜಡ್ಡಿ ಬದುಕಿರುವುದು ಮೇಲಿಂದ ವರ್ಷವಿಡೀ ಇಳಿದು ಬರುವ ನೀರಿನಿಂದ. ಜಡ್ಡಿಗೆ ಮಾತ್ರ ಬೇಲಿಯ ಹಾಗೆ ಗಡಿ ಹಾಕಿ, ಮೇಲಿನ ಹಳ್ಳ ಗಡಿಯ ಹೊರಗೆ ಉಳಿದರೆ ಘೋಷಣೆ ಆಗಿಯೂ ಏನೂ ಸಿಗುವುದಿಲ್ಲ. ಹಾಗಾಗಿ ಜಲಾನಯನದ ಗಡಿ ಬೇಕು: ಯಾವ ಗುಡ್ಡದ ಮೇಲೆ ಬಿದ್ದ ಮಳೆ ಈ ಜಡ್ಡಿಗೆ ಬರುತ್ತದೆ ಅನ್ನುವುದು. ಇಸ್ರೋದ ಭುವನ್ ಜಾಲತಾಣದಲ್ಲಿ ಕಾರ್ಟೊಸ್ಯಾಟ್ ಉಪಗ್ರಹದಿಂದ ಮಾಡಿದ ಎತ್ತರದ ಮಾಹಿತಿ ಸಿಗುತ್ತದೆ. ಅದನ್ನು ಕ್ಯುಜಿಐಎಸ್ ಅನ್ನುವ ಉಚಿತ ನಕ್ಷೆ ಸಾಫ್ಟ್‌ವೇರಿನಲ್ಲಿ ಹಾಕಿದರೆ ನೀರಿನ ದಾರಿಯನ್ನು ಅದೇ ಎಳೆದು ಕೊಡುತ್ತದೆ. ಒಂದೇ ಎಚ್ಚರಿಕೆ, ಆ ಎತ್ತರ ಸುಮಾರು 30 ಮೀಟರ್‌ಗೆ ಒಂದು ಅಳತೆ, ಅದೂ ದಟ್ಟ ಕಾಡಿನಲ್ಲಿ ನೆಲದ್ದಲ್ಲ, ಹೆಚ್ಚುಕಡಿಮೆ ಮರದ ನೆತ್ತಿಯದು. ಸಣ್ಣ ಹಳ್ಳ ಒಮ್ಮೊಮ್ಮೆ ಪಕ್ಕದ ದಿಣ್ಣೆಯ ಮೇಲೆ ಹರಿಯುವ ಹಾಗೆ ತೋರಿಸುತ್ತದೆ! ನಿಮ್ಮ ಹುಡುಗರು ಹಳ್ಳದ ಗುಂಟ ಫೋನ್ ಹಿಡಿದು ಟ್ರ್ಯಾಕ್ ರೆಕಾರ್ಡ್ ಮಾಡಿ ಅದನ್ನು ತಿದ್ದಬೇಕು. ಪೈಪ್ ಎಲ್ಲೆಲ್ಲಿ ಕೂತಿದೆ ಅನ್ನುವುದನ್ನೂ ಗುರುತು ಹಾಕಿ, ಯಾರ ಪೈಪ್ ಅಂತ ಬರೆಯಬೇಡಿ. ಜಗಳ ಬೇಡ.

ಸರ್ವೆ ನಂಬರಿಗೆ ದಿಶಾಂಕ್ ಆ್ಯಪ್ ನೋಡಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅದನ್ನೇ ಕಾನೂನಿನ ಗಡಿ ಅಂದುಕೊಳ್ಳಬೇಡಿ, ಆದರೆ ಯಾವ ಪಹಣಿ ತೆಗೆಸಬೇಕು ಅಂತ ತಿಳಿಯಲು ಸಾಕು. ಕ್ಯುಜಿಐಎಸ್‌ನಲ್ಲಿ ವಿಸ್ತೀರ್ಣ ಲೆಕ್ಕ ಹಾಕುವಾಗ ಯುಟಿಎಂ ವಲಯ 43 ಉತ್ತರ (ಮೀಟರ್ ಲೆಕ್ಕದ ನಕ್ಷೆ ಪದ್ಧತಿ) ಆರಿಸಿ. ಹಳೆಯ ಟೋಪೋಶೀಟ್ (ಸರ್ಕಾರಿ ಭೂನಕ್ಷೆ) ಸ್ಕ್ಯಾನ್ ಸಿಕ್ಕಿದರೆ ಅದು ಭೂಮಿಯ ಆಕಾರಕ್ಕೆ ಎವರೆಸ್ಟ್ ಅನ್ನುವ ಹಳೆಯ ಲೆಕ್ಕ ಹಿಡಿದದ್ದು, ಇಂದಿನ ಜಿಪಿಎಸ್ ಹಿಡಿಯುವುದು ಡಬ್ಲ್ಯುಜಿಎಸ್ 84 ಅನ್ನುವ ಬೇರೆ ಲೆಕ್ಕ. ಸುಮ್ನೆ ಒಂದರ ಮೇಲೊಂದು ಇಟ್ಟರೆ ನಕ್ಷೆ ಜಾರಿ ಕೂರುತ್ತದೆ.

---

ಒಣಗಿದೆಲೆ ಉತ್ತರ:

ಮೇಲಿನವರು ನೀರು, ಗಡಿ ಎಲ್ಲ ಹೇಳಿದ್ದಾರೆ. ನಾನು ಕಾಲೇಜಿನಲ್ಲಿ ಬಾಟನಿ ಹೇಳಿಕೊಡುವವಳು, ಗಿಡದ ಕಡೆಯಿಂದ ಹೇಳುತ್ತೇನೆ.

ಮೊದಲನೆಯದಾಗಿ, ರಾಮಪತ್ರೆ ಮರ ಕಂಡ ಮಾತ್ರಕ್ಕೆ ಅದು ಜಡ್ಡಿ ಆಗುವುದಿಲ್ಲ. ಅಂಗಡಿಗೆ ಹೋಗುವ ರಾಮಪತ್ರೆ ಮಿರಿಸ್ಟಿಕಾ ಮಲಬಾರಿಕಾದ್ದು, ಅದು ಗಟ್ಟಿ ನೆಲದ ಕಾನಿನಲ್ಲೂ (ನಿತ್ಯಹಸಿರು ಕಾಡಿನಲ್ಲೂ) ಬೆಳೆಯುತ್ತದೆ. ಜಡ್ಡಿಯ ನಿಜವಾದ ಸಾಕ್ಷಿ ಬೇರೆ ಎರಡು ಮರ. ಒಂದು ಜಿಮ್ನಾಕ್ರಾಂಥೆರಾ ಕೆನರಿಕಾ. ಇದರ ಬೇರು ಕೆಸರಿನಿಂದ ಮೇಲೆದ್ದು, ಮಡಿಸಿದ ಮೊಣಕಾಲಿನ ಹಾಗೆ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತದೆ. ಉಸಿರಾಟಕ್ಕೆ ಅದು. ಕೆಸರಿನೊಳಗೆ ಗಾಳಿ ಇರುವುದಿಲ್ಲವಲ್ಲ. ಇನ್ನೊಂದು ಮಿರಿಸ್ಟಿಕಾ ಮ್ಯಾಗ್ನಿಫಿಕಾ. ಇದಕ್ಕೆ ಕಾಂಡದಿಂದಲೇ ಸುತ್ತ ಊರುಬೇರು ಇಳಿದಿರುತ್ತದೆ, ಎಲೆ ಒಂದು ಅಡಿಗೂ ಉದ್ದ ಬೆಳೆಯುತ್ತದೆ. ಈ ಕುಟುಂಬದ ಮರಗಳ ತೊಗಟೆಯನ್ನು ಚೂರು ಗೀರಿದರೆ ಕೆಂಪಗಿನ ರಸ ಬರುತ್ತದೆ, ಗೊಂದಲವಾದಾಗ ಅದು ನೆರವಿಗೆ ಬರುತ್ತದೆ. ಚೂರು ಅಂದೆ, ಕತ್ತಿಯಿಂದ ಕಡಿದು ನೋಡಬೇಡಿ.

ನಿಮ್ಮ ತಾಲೂಕಿನ ಕತ್ತಲೆಕಾನಿನಿಂದಲೇ 2000ದಲ್ಲಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅನ್ನುವ ಹೊಸ ಮರವನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಗೇರು ಕುಟುಂಬದ ದೊಡ್ಡ ಮರ, ಜಡ್ಡಿಯದೇ ಮರ. ಅಷ್ಟು ದೊಡ್ಡ ಮರ ಅಲ್ಲಿಯವರೆಗೆ ಪಟ್ಟಿಯಲ್ಲೇ ಇರಲಿಲ್ಲ ಅಂದರೆ ಯೋಚನೆ ಮಾಡಿ! ನಿಮ್ಮಲ್ಲೂ ಇದ್ದರೆ ನಿಮ್ಮ ಪ್ರಸ್ತಾವನೆಯ ತೂಕವೇ ಬೇರೆ. ಸಿಜಿಜಿಯಂ ಟ್ರಾವಂಕೋರಿಕಂ ಅನ್ನುವ ನೇರಳೆ ಜಾತಿಯ ಮರವೂ ನಿಮ್ಮ ಜಿಲ್ಲೆಯ ಜಡ್ಡಿಗಳಲ್ಲಿ ಸಿಕ್ಕಿದೆ, ಅದು ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಅತಿ ಅಪಾಯದಲ್ಲಿರುವ ಗುಂಪಿನದು. ಗೇರು ಕುಟುಂಬದ ಕಾಡುಮರಗಳ ರಸ ಮೈಗೆ ತಾಗದಂತೆ ಹುಡುಗರಿಗೆ ಹೇಳಿ. ಕೆಲವರಿಗೆ ಹುಣ್ಣೇ ಆಗುತ್ತದೆ.

ಅಳತೆಗೆ ನಮ್ಮ ಕಡೆ ಬಳಕೆಯಲ್ಲಿರುವ ಕ್ರಮ ಹೀಗೆ. 180 ಮೀಟರ್ ಹಗ್ಗ ಎಳೆದು, ಅದರ ಎಡಕ್ಕೊಂದು ಬಲಕ್ಕೊಂದು ಅಂತ 20 ಮೀಟರ್ ಚೌಕದ ಐದು ಕ್ವಾಡ್ರಾಟ್ (ಅಳತೆಯ ಚೌಕ), ನಡುವೆ 20 ಮೀಟರ್ ಬಿಡುವುದು. ಅದರೊಳಗೆ 30 ಸೆಂಟಿಮೀಟರ್‌ಗಿಂತ ಜಾಸ್ತಿ ಸುತ್ತಳತೆಯ ಎಲ್ಲ ಮರ, ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆಯುವುದು. ಊರುಬೇರಿನ ಮರಕ್ಕೆ ಬೇರು ಮುಗಿದ ಮೇಲೆ ಅಳೆಯಿರಿ, ಎಷ್ಟು ಎತ್ತರದಲ್ಲಿ ಅಳೆದಿರಿ ಅಂತ ಪಕ್ಕದಲ್ಲಿ ಬರೆಯಿರಿ. ಆದರೆ ನಿಮ್ಮ ಜಡ್ಡಿ ಹಳ್ಳದ ಗುಂಟ ಸಣ್ಣಗೆ ಹೋಗಿದ್ದರೆ 20 ಮೀಟರ್ ಚೌಕದ ಅರ್ಧ ಗಟ್ಟಿ ನೆಲಕ್ಕೆ ಹತ್ತಿಬಿಡುತ್ತದೆ, ಲೆಕ್ಕ ಕಲಸಿಹೋಗುತ್ತದೆ. ಸಣ್ಣ ಜಡ್ಡಿಯಾದರೆ ಚೌಕವೇ ಬೇಡ. ಜಡ್ಡಿ ಮರಗಳನ್ನು ಒಂದೂ ಬಿಡದೆ ಎಣಿಸಿ ನಂಬರ್ ಹಾಕಿ. ಕಂಪನಿಯವರು ಒಂದು ದಿನದಲ್ಲಿ ಮಾಡುತ್ತೇವೆ ಅಂದಿದ್ದಾರಲ್ಲ, ಕೆಸರಿನಲ್ಲಿ ಕಾಲು ಕೀಳುವುದಕ್ಕೇ ಅರ್ಧ ದಿನ ಹೋಗುತ್ತದೆ.

ಸಸಿಗಳನ್ನು ಬಿಡಲೇಬೇಡಿ. ದೊಡ್ಡ ಮರ ಎಷ್ಟಿವೆ ಅನ್ನುವುದಕ್ಕಿಂತ ಕೆಳಗೆ ಮರಿ ಎದ್ದಿದೆಯಾ ಅನ್ನುವುದು ಮುಖ್ಯ. ನೀರು ಕಡಿಮೆಯಾದ ಜಡ್ಡಿಯಲ್ಲಿ ಹಳೆ ಮರ ವರ್ಷಗಟ್ಟಲೆ ಹಸಿರಾಗಿಯೇ ನಿಂತಿರಬಹುದು, ಕೆಳಗೆ ಮರಿ ಇರುವುದಿಲ್ಲ. ಪೈಪಿನ ಪರಿಣಾಮ ಮೊದಲು ಕಾಣುವುದು ಅಲ್ಲೇ, ಮೇಲಿಂದ ತೆಗೆದ ಯಾವ ಚಿತ್ರದಲ್ಲೂ ಅದು ಬರುವುದಿಲ್ಲ.

ಕಾಲದ ವಿಷಯ: ಜಡ್ಡಿಯ ಅಂಚನ್ನು ಏಪ್ರಿಲ್, ಮೇ ತಿಂಗಳಲ್ಲಿ ನಡೆದು ಗುರುತು ಮಾಡಿ. ಮಳೆಗಾಲದಲ್ಲಿ ಎಲ್ಲ ಕಡೆಯೂ ಜಡ್ಡಿಯೇ. ಬೇಸಿಗೆ ಕಡೆಗೆ ಎಲ್ಲಿ ಇನ್ನೂ ಕೆಸರಿದೆಯೋ ಅದೇ ಗಡಿ. ಬಹಳಷ್ಟು ಕಾನಿನ ಮರಗಳು ಬೇಸಿಗೆಯಲ್ಲಿ ಹೂ ಕಾಯಿ ಬಿಡುವುದರಿಂದ ಗುರುತಿಸಲೂ ಸುಲಭ. ನೆಲದ ಆರ್ಕಿಡ್, ಗೌರಿಹೂವಿನ ಜಾತಿಯ ಸಣ್ಣ ಗಿಡಗಳಿಗೆ ಮಾತ್ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ಹೋಗಬೇಕು. ಉಂಬಳಕ್ಕೆ ಸುಣ್ಣ ತಂಬಾಕು ತಯಾರಿಟ್ಟುಕೊಳ್ಳಿ.

ಹೆಸರು ಖಚಿತವಿಲ್ಲದ ಗಿಡದ ಮಾದರಿಯನ್ನು ಹೂವು ಅಥವಾ ಕಾಯಿ ಸಮೇತ ಪೇಪರಿನಲ್ಲಿ ಒತ್ತಿಡಿ. ನಂಬರ್, ತಾರೀಕು, ಜಾಗ ಬರೆಯಿರಿ. ಕೀಳುವ ಮೊದಲು ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಳ್ಳಿ. ಬೆಂಗಳೂರಿನ ಐಐಎಸ್‌ಸಿಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ಒಳ್ಳೆಯ ಹರ್ಬೇರಿಯಂ (ಒಣಗಿಸಿದ ಗಿಡದ ಮಾದರಿಗಳ ಸಂಗ್ರಹಾಲಯ) ಇದೆ, ಸಸ್ಯವಿಜ್ಞಾನಿ ಫಾದರ್ ಸಲ್ಡಾನಾ ಅವರ ಕಾಲದ ಸಂಗ್ರಹ ಎಲ್ಲ ಅಲ್ಲಿದೆ. ಆ ಕೇಂದ್ರದ್ದೇ ಡಿಜಿಟಲ್ ಫ್ಲೋರಾ ಆಫ್ ಕರ್ನಾಟಕ ಜಾಲತಾಣದಲ್ಲಿ ಮನೆಯಿಂದಲೇ ಹೋಲಿಸಿ ನೋಡಬಹುದು. ಫೋಟೋ ತೆಗೆಯುವಾಗ ಬರೀ ಹೂವಿನದು ತೆಗೆಯಬೇಡಿ. ಎಲೆಯ ಹಿಂಬದಿ, ತೊಗಟೆ, ಬುಡ, ಉದುರಿದ ಕಾಯಿ, ಎಲ್ಲ ಬೇಕು. ನಮ್ಮ ಹುಡುಗರು ಕಳಿಸುವ ನೂರು ಫೋಟೋದಲ್ಲಿ ಎಂಬತ್ತು ಆಕಾಶಕ್ಕೆ ಮುಖ ಮಾಡಿ ತೆಗೆದ ಕಪ್ಪು ಎಲೆಗಳು!

ಮತ್ತೆ ಆ ಇಬ್ಬರು ಅಜ್ಜಂದಿರು. ಅವರನ್ನು ಸುಮ್ಮನೆ ದಾರಿ ತೋರಿಸಲು ಕರೆದೊಯ್ಯಬೇಡಿ, ಕೂಲಿ ಕೊಡಿ, ವರದಿಯಲ್ಲಿ ಹೆಸರು ಹಾಕಿ. ಅವರು ಹೇಳುವ ಕನ್ನಡದ ಹೆಸರನ್ನು ಹೇಳಿದ ಹಾಗೇ ಬರೆದುಕೊಳ್ಳಿ, ವೈಜ್ಞಾನಿಕ ಹೆಸರು ಆಮೇಲೆ ಪಕ್ಕಕ್ಕೆ ಸೇರಿಸಿದರಾಯಿತು.

---

ಹಳ್ಳದಂಚು:

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ಇಬ್ಬರಿಗೂ ಧನ್ಯವಾದ. ಮೊಣಕಾಲಿನ ಬೇರು ನಮ್ಮಲ್ಲಿ ಬೇಕಾದಷ್ಟಿದೆ. ಊರುಬೇರಿನದು ಒಂದು ಗುಂಪು ಮಾತ್ರ, ಹಳ್ಳ ತಿರುಗುವಲ್ಲಿ. ಸಸಿ ವಿಷಯ ನಾವು ಯೋಚನೆಯನ್ನೇ ಮಾಡಿರಲಿಲ್ಲ.

ಇನ್ನೊಂದು ತಲೆಬಿಸಿ ಇದೆ. ಬೆಟ್ಟದವರು ಹೆದರಿದ್ದಾರೆ. ‘ನಕ್ಷೆ ಅಂತ ಮಾಡಿದರೆ ನಾಳೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರಲೂ ಬಿಡುವುದಿಲ್ಲ, ಬೆಟ್ಟವೇ ಹೋಗುತ್ತದೆ’ ಅನ್ನುತ್ತಾರೆ. ಒಬ್ಬರಂತೂ ಹುಡುಗರು ಫೋನ್ ಹಿಡಿದು ನಿಂತದ್ದು ನೋಡಿ ಹಗ್ಗ ಬಿಚ್ಚಿಸಿದರು. ಏನು ಹೇಳುವುದು ಇವರಿಗೆ?

---

ಪಂಚಾಯ್ತಿಕಟ್ಟೆ ಉತ್ತರ:

ಅವರ ಹೆದರಿಕೆಯಲ್ಲಿ ಅರ್ಥ ಇದೆ, ನಗಬೇಡಿ. ಸೊಪ್ಪಿನ ಬೆಟ್ಟದ ಜಾಗ ಸರ್ಕಾರದ್ದು, ತೋಟದವರಿಗೆ ಇರುವುದು ಸೊಪ್ಪು ಸದೆಯ ಹಕ್ಕು. ಕಾಗದದಲ್ಲಿ ಯಾರ ಕೈ ಮೇಲೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ಆದರೆ ಪಾರಂಪರಿಕ ತಾಣ ಬರುವುದು 2002ರ ಜೀವವೈವಿಧ್ಯ ಕಾಯ್ದೆಯ 37ನೇ ಕಲಮಿನ ಕೆಳಗೆ. ರಾಜ್ಯ ಸರ್ಕಾರ ಸ್ಥಳೀಯ ಸಂಸ್ಥೆಗಳ ಜೊತೆ ಸಮಾಲೋಚನೆ ಮಾಡಿಯೇ ಘೋಷಿಸಬೇಕು. ಘೋಷಣೆಯಿಂದ ಯಾರಿಗಾದರೂ ಆರ್ಥಿಕ ತೊಂದರೆಯಾದರೆ ಪರಿಹಾರದ ಯೋಜನೆ ಮಾಡಬೇಕು ಅಂತಲೂ ಅದೇ ಕಲಮಿನಲ್ಲಿದೆ. ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಮಾರ್ಗಸೂಚಿಯಲ್ಲಿ ಊರಿನವರ ರೂಢಿಯ ಬಳಕೆಗೆ, ಅವರಾಗಿಯೇ ಒಪ್ಪಿಕೊಂಡದ್ದನ್ನು ಬಿಟ್ಟು, ನಿರ್ಬಂಧ ಹಾಕುವುದು ಇದರ ಉದ್ದೇಶವಲ್ಲ ಅಂತ ಹೇಳಿದೆ. ದೇವನಹಳ್ಳಿ ತಾಲೂಕಿನ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದಲ್ಲೇ ಮೊದಲು ಘೋಷಣೆಯಾದದ್ದು, 54 ಎಕರೆ. ನಿಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಅಂಬಾರಗುಡ್ಡವೂ ಪಟ್ಟಿಯಲ್ಲಿದೆ. ಬೆಟ್ಟದವರನ್ನು ಒಮ್ಮೆ ಕರೆದುಕೊಂಡು ಹೋಗಿ ಅಲ್ಲಿಯವರ ಹತ್ತಿರ ಮಾತಾಡಿಸಿ. ನಮ್ಮ ನಿಮ್ಮ ಮಾತಿಗಿಂತ ಅದು ನಾಟುತ್ತದೆ.

ಅದಕ್ಕೂ ಮೊದಲು ಒಂದು ಕೆಲಸ. ನಿಮ್ಮ ಕಡೆ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಆಯಿತು, 299.52 ಚದರ ಕಿಲೋಮೀಟರ್. ಆಮೇಲೆ 2019ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯದ ಜೊತೆ ಸೇರಿಸಿದರು. ನಿಮ್ಮ ಜಡ್ಡಿ ಆ ಗಡಿಯ ಒಳಗಿದೆಯಾ ಹೊರಗಿದೆಯಾ? ಒಳಗಿದ್ದರೆ ವನ್ಯಜೀವಿ ಕಾಯ್ದೆ ಬರುತ್ತದೆ, ಮಾತೇ ಬೇರೆ. ಆಗ ಪಾರಂಪರಿಕ ತಾಣದ ಹಿಂದೆ ಬೀಳುವ ಮುಂಚೆ ಆರ್‌ಎಫ್‌ಓ (ವಲಯ ಅರಣ್ಯಾಧಿಕಾರಿ) ಹತ್ತಿರ ಕೂತು ಮಾತಾಡಿ. ಹೊರಗಿದ್ದರೆ ಗ್ರಾಮಸಭೆಯಲ್ಲಿ ಠರಾವು ಮಾಡಿ, ಸೊಪ್ಪು, ದರಕು, ಉಪ್ಪಾಗೆ (ಕಾಡಿನ ಹುಳಿ ಹಣ್ಣು) ಯಾವುದನ್ನು ಎಲ್ಲಿಂದ ತರುತ್ತೇವೆ ಅನ್ನುವುದನ್ನು ಠರಾವಿನಲ್ಲೇ ಬರೆಸಿ. ನಕ್ಷೆಯಲ್ಲೂ ಅದಕ್ಕೊಂದು ಪದರ ಹಾಕಿ. ಮರ ಎಲ್ಲಿದೆ ಅಂತ ಮಾತ್ರ ತೋರಿಸುವ ನಕ್ಷೆ ಬೆಟ್ಟದವರಿಗೆ ನೋಟೀಸಿನ ಹಾಗೆ ಕಾಣುತ್ತದೆ. ತಮ್ಮ ದರಕು ದಾರಿ, ಕೊಟ್ಟಿಗೆಯ ಸೊಪ್ಪಿನ ಜಾಗ ಅದರಲ್ಲಿ ಕಂಡರೆ ಅದು ಅವರ ದಾಖಲೆಯೂ ಹೌದು. ಹಗ್ಗ ಬಿಚ್ಚಿಸಿದವರನ್ನೇ ಮುಂದಿನ ಸಲ ಹಗ್ಗ ಹಿಡಿಯಲು ಕರೆಯಿರಿ.

---

ವರದಿರಾಯ ಉತ್ತರ:

ನಾನು ಇಂಥದೇ ಸಲಹಾ ಕಂಪನಿಯೊಂದರಲ್ಲಿ ಕೆಲಸ ಮಾಡುವವನು (ನಿಮಗೆ ಕೊಟೇಶನ್ ಕೊಟ್ಟದ್ದು ನಾವಲ್ಲ ಅಂದುಕೊಂಡಿದ್ದೇನೆ!). ಸ್ವಲ್ಪ ಆ ಕಡೆಯ ಮಾತೂ ಕೇಳಿ.

ಅವರು ಮೋಸ ಮಾಡುತ್ತಿದ್ದಾರೆ ಅಂತ ನನಗೆ ಅನಿಸುವುದಿಲ್ಲ. ನಮ್ಮ ಬಹುಪಾಲು ಕೆಲಸ ಬರುವುದು ಗಣಿ, ರಸ್ತೆ, ವಿದ್ಯುತ್ ಯೋಜನೆಗಳ ಪರಿಸರ ಪರಿಣಾಮ ವರದಿಯಿಂದ. 2006ರ ಅಧಿಸೂಚನೆಯ ಪ್ರಕಾರ ನಡೆಯುವ ಕೆಲಸ, ದುಡ್ಡು ಕೊಡುವುದು ಯೋಜನೆಯವರೇ. ಅಲ್ಲಿ ಎಷ್ಟೋ ಸಲ ಮಳೆಗಾಲ ಬಿಟ್ಟು ಒಂದೇ ಋತುವಿನ ಮಾಹಿತಿ ಸಾಕು, ತಾರೀಕಿಗೆ ವರದಿ ಹೋಗಬೇಕು, ಮೀಟಿಂಗಿನಲ್ಲಿ ಚಿತ್ರ ಚೆನ್ನಾಗಿ ಕಾಣಬೇಕು. ಅದೇ ಅಚ್ಚಿನಲ್ಲಿ ನಿಮಗೂ ಕೊಟೇಶನ್ ಹಾಕಿದ್ದಾರೆ ಅಷ್ಟೇ. ಅಚ್ಚು ಬದಲಿಸಿ ಅಂತ ನೀವು ಕೇಳಬೇಕು. ಕೇಳಿದರೆ ಎಷ್ಟೋ ಕಂಪನಿಯವರು ಬದಲಿಸುತ್ತಾರೆ, ಒಳಗಿರುವ ಹುಡುಗ ಹುಡುಗಿಯರಿಗೂ ಕಾಡಿಗೆ ಹೋಗುವ ಆಸೆ ಇರುತ್ತದೆ.

ಡ್ರೋನ್ ಬಗ್ಗೆ ನಕ್ಷೆಮಾಣಿಯ ಮಾತು ಪೂರ್ತಿ ಒಪ್ಪುವುದಿಲ್ಲ. ಮರ ಬಿದ್ದು ಆದ ಕಿಂಡಿ, ಹೊಸದಾಗಿ ಬಿಡಿಸಿದ ತೋಟದ ಅಂಚು, ಗುಡ್ಡ ಕುಸಿದ ಜಾಗ, ಇವೆಲ್ಲ 10 ಮೀಟರ್ ಚುಕ್ಕಿಯಲ್ಲಿ ಸಿಗುವುದಿಲ್ಲ. ಡ್ರೋನ್‌ನಲ್ಲಿ ಸಿಗುತ್ತದೆ. ಇವತ್ತು ಹಾರಿಸಿ, ಐದು ವರ್ಷ ಬಿಟ್ಟು ಅದೇ ದಾರಿಯಲ್ಲಿ ಹಾರಿಸಿದರೆ ಹೋಲಿಸಲು ಬರುತ್ತದೆ. ಇನ್ನೊಂದು, ಸಭೆಯಲ್ಲಿ ಹತ್ತು ಪುಟದ ಮರದ ಪಟ್ಟಿಗಿಂತ ಒಂದು ಚಿತ್ರ ಜಾಸ್ತಿ ಕೆಲಸ ಮಾಡುತ್ತದೆ, ಬೇಜಾರಾದರೂ ಸತ್ಯ. ಆದರೆ ಅದಕ್ಕೆ ಅರ್ಧ ದಿನ ಸಾಕು, ಬಜೆಟ್ಟಿನ ಮುಕ್ಕಾಲು ಪಾಲು ಬೇಡ. ಕಾಡಿನ ಮೇಲೆ ಹಾರಿಸಲು ಅರಣ್ಯ ಇಲಾಖೆಯ ಒಪ್ಪಿಗೆ, 2021ರ ಡ್ರೋನ್ ನಿಯಮದ ಪ್ರಕಾರ ಆ ಜಾಗ ಯಾವ ವಲಯದಲ್ಲಿದೆ ಅನ್ನುವುದು, ಎರಡನ್ನೂ ಅವರೇ ನೋಡಿಕೊಳ್ಳಬೇಕು ಅಂತ ಬರೆಸಿ. ಅಭಯಾರಣ್ಯದ ಒಳಗಾದರೆ ಸುಲಭಕ್ಕೆ ಸಿಗುವುದಿಲ್ಲ.

ಒಪ್ಪಂದದಲ್ಲಿ ನಾನಾಗಿದ್ದರೆ ಏನು ಕೇಳುತ್ತಿದ್ದೆ ಅಂದರೆ, ಮೊದಲು ಗಿಡ ಗುರುತಿಸುವವರು ಯಾರು ಅನ್ನುವುದು. ಕಂಪನಿಯ ಹೆಸರಲ್ಲ, ಕೆಸರಿಗೆ ಇಳಿಯುವ ಮನುಷ್ಯನ ಹೆಸರು ಬೇಕು. ಆಮೇಲೆ ಕಚ್ಚಾ ಮಾಹಿತಿ ಪೂರ್ತಿ ಸಮಿತಿಗೆ ಸೇರಬೇಕು: ಪ್ರತಿ ಮರದ ಎಕ್ಸೆಲ್ ಸಾಲು, ಶೇಪ್‌ಫೈಲ್ (ನಕ್ಷೆಯ ಮೂಲ ಕಡತ), ಟ್ರ್ಯಾಕ್, ಫೋಟೋ, ಎಲ್ಲ. ಪಿಡಿಎಫ್ ಮಾತ್ರ ಕೊಟ್ಟು ಹೋದರೆ ಐದು ವರ್ಷದ ಮೇಲೆ ಮತ್ತೆ ಮೊದಲಿಂದ ದುಡ್ಡು ಕೊಡಬೇಕಾಗುತ್ತದೆ. ಇದು ಎಷ್ಟೋ ಪಂಚಾಯ್ತಿಯಲ್ಲಿ ಆಗಿದೆ, ವರದಿ ಬೀರುವಿನಲ್ಲಿದೆ, ಮಾಹಿತಿ ಯಾರ ಲ್ಯಾಪ್‌ಟಾಪಿನಲ್ಲಿತ್ತೋ ಅವರು ಕೆಲಸ ಬಿಟ್ಟು ಹೋಗಿದ್ದಾರೆ. ಹೆಸರು ಖಚಿತವಾಗದ ಮರವನ್ನು ‘ಖಚಿತವಿಲ್ಲ’ ಅಂತಲೇ ಬರೆಯಬೇಕು ಅನ್ನುವುದನ್ನೂ ಸೇರಿಸಿ. ಪಟ್ಟಿಯಲ್ಲಿ ಎಲ್ಲದಕ್ಕೂ ಹೆಸರಿದ್ದರೆ ನನಗಂತೂ ಅನುಮಾನ ಬರುತ್ತದೆ.

ಮತ್ತೆ, ಅಪರೂಪದ ಮರದ ಜಿಪಿಎಸ್ ಬಿಂದುವನ್ನು ಬಹಿರಂಗ ವರದಿಯಲ್ಲಿ ಹಾಕಬೇಡಿ. ಎರಡು ನಕ್ಷೆ ಮಾಡಿಸಿ. ಸಮಿತಿಗೆ ಮತ್ತು ಇಲಾಖೆಗೆ ನಿಖರವಾದದ್ದು, ಊರಿಗೆಲ್ಲ ಹಂಚುವುದಕ್ಕೆ ದೊಡ್ಡ ಚೌಕದಲ್ಲಿ ತೋರಿಸುವುದು. ಗಿಡ, ಪ್ರಾಣಿಗಳ ಫೋಟೋ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಅಪಾಯದ ಪಟ್ಟಿಯ ಜಾತಿಗಳ ಜಾಗವನ್ನು ತಾನಾಗಿಯೇ 0.2 ಡಿಗ್ರಿ ಚೌಕದೊಳಗೆ, ಅಂದರೆ ಸುಮಾರು 22 ಕಿಲೋಮೀಟರ್ ಒಳಗೆ, ಎಲ್ಲೋ ಒಂದು ಕಡೆ ತೋರಿಸಿ ಮರೆಮಾಡುತ್ತಾರೆ. ಆದರೆ ಹುಡುಗರು ಅದೇ ಫೋಟೋವನ್ನು ಊರಿನ ಹೆಸರು ಸಮೇತ ವಾಟ್ಸಾಪ್ ಗುಂಪಿಗೆ ಹಾಕಿದರೆ ಏನು ಬಂತು?

---

ನಕ್ಷೆಮಾಣಿ:

@ವರದಿರಾಯ ಐದು ವರ್ಷದ ಹೋಲಿಕೆ ಮಾತು ಸರಿ, ಒಪ್ಪಿದೆ. ಆದರೆ ಎರಡನೇ ಸಲ ಹಾರಿಸಲು ದುಡ್ಡು ಯಾರು ಇಟ್ಟಿರುತ್ತಾರೆ ಅಂತ ಹೇಳಿ. ಸೆಂಟಿನೆಲ್ ಆದರೆ ಸುಮ್ನೆ ಬಂದು ಬೀಳುತ್ತಲೇ ಇರುತ್ತದೆ.

@ಹಳ್ಳದಂಚು ಒಂದು ಹೇಳಲು ಬಿಟ್ಟಿದ್ದೆ. ಬಯಲಲ್ಲಿ ಫೋನಿನ ಜಿಪಿಎಸ್ 5 ಮೀಟರ್ ಆಸುಪಾಸು ಸರಿ ಇರುತ್ತದೆ, ನಿಮ್ಮ ಜಡ್ಡಿಯ ಸೊಪ್ಪಿನ ಕೆಳಗೆ 15, 20 ಮೀಟರ್ ಆಚೆ ಈಚೆ ಹಾರುತ್ತದೆ. ಅಕ್ಕಪಕ್ಕದ ಎರಡು ಮರ ನಕ್ಷೆಯಲ್ಲಿ ಹಳ್ಳದ ಎರಡು ದಡದಲ್ಲಿ ಕೂತುಬಿಡುತ್ತವೆ. ಹಾಗಾಗಿ ಜಿಪಿಎಸ್ ನಂಬಿ ಮರ ಹುಡುಕುವ ಲೆಕ್ಕ ಇಟ್ಟುಕೊಳ್ಳಬೇಡಿ. ಒಂದು ಬಂಡೆಯನ್ನೋ ಹಳ್ಳದ ತಿರುವನ್ನೋ ಗುರುತಿಟ್ಟು, ಅಲ್ಲಿ ಫೋನನ್ನು ಕೆಲವು ನಿಮಿಷ ಇಟ್ಟು ಸರಾಸರಿ ಬಿಂದು ತೆಗೆದು, ಅಲ್ಲಿಂದ ಟೇಪು ಮತ್ತು ದಿಕ್ಸೂಚಿಯಿಂದ ಮರಗಳಿಗೆ ಅಳತೆ ಹಿಡಿಯಿರಿ. ಮರದ ಮೇಲಿನ ನಂಬರ್ ತಗಡೇ ಕಡೆಯ ಸಾಕ್ಷಿ.

---

ಹಳ್ಳದಂಚು:

ಕಂಪನಿಯವರಿಗೆ ಫೋನ್ ಮಾಡಿದೆ. ಡ್ರೋನ್ ಅರ್ಧ ದಿನ, 3ಡಿ ಬೇಡ, ಎನ್‌ಡಿವಿಐ ಬೇಡ, ಉಳಿದ ದುಡ್ಡಿಗೆ ಗಿಡ ಗೊತ್ತಿರುವ ಒಬ್ಬರನ್ನು ಬೇಸಿಗೆಗೂ ಮಳೆಗಾಲಕ್ಕೂ ಕಳಿಸಿ, ಕಚ್ಚಾ ಮಾಹಿತಿ ನಮಗೆ ಕೊಡಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊಸ ಕೊಟೇಶನ್ ಕಳಿಸುತ್ತೇವೆ ಅಂದರು. ನೋಡೋಣ. ಅಭಯಾರಣ್ಯದ ಗಡಿ ವಿಚಾರಿಸಲು ಸೋಮವಾರ ರೇಂಜ್ ಆಫೀಸಿಗೆ ಹೋಗುತ್ತಿದ್ದೇವೆ.

ಮರಕ್ಕೆ ಹೊಡೆಯುವ ನಂಬರ್ ತಗಡು ಎಲ್ಲಿ ಸಿಗುತ್ತದೆ? ಆನ್‌ಲೈನ್‌ನಲ್ಲಿ ನೋಡಿದರೆ ಒಂದಕ್ಕೇ ಬಹಳ ಹೇಳುತ್ತಾರೆ.

---

ಒಣಗಿದೆಲೆ:

ಕೊಳ್ಳಲೇಬೇಡಿ. ಶಿರಸಿಯಲ್ಲೋ ಸಾಗರದಲ್ಲೋ ಆಫ್‌ಸೆಟ್ ಪ್ರೆಸ್ಸಿಗೆ ಹೋಗಿ ಹಳೆಯ ಅಲ್ಯೂಮಿನಿಯಂ ಪ್ಲೇಟ್ ಕೇಳಿ, ಗುಜರಿ ಬೆಲೆಗೆ ಕೊಡುತ್ತಾರೆ. ಕತ್ತರಿಯಲ್ಲೇ ಕತ್ತರಿಸಲು ಬರುತ್ತದೆ, ಅಂಚು ಮಾತ್ರ ಹರಿತ, ಮಡಿಸಿಬಿಡಿ. ನಂಬರನ್ನು ಪೆನ್ನಿನಲ್ಲಿ ಬರೆಯಬೇಡಿ, ಒಂದೇ ಮಳೆಗೆ ಹೋಗುತ್ತದೆ. ಮೊಳೆಯ ತುದಿಯಿಂದ ಒತ್ತಿ ಗೀರಿ. ಹೊಡೆಯುವ ಮೊಳೆಯೂ ಅಲ್ಯೂಮಿನಿಯಮ್ಮಿನದೇ ಇರಲಿ, ಕಬ್ಬಿಣದ್ದು ಆ ಕೆಸರಿನ ತೇವಕ್ಕೆ ತುಕ್ಕು ಹಿಡಿಯುತ್ತದೆ. ಸುತ್ತಳತೆ ತೆಗೆಯುವ ಎತ್ತರಕ್ಕಿಂತ ಒಂದು ಗೇಣು ಮೇಲೆ, ಎಲ್ಲ ಮರಕ್ಕೂ ಒಂದೇ ದಿಕ್ಕಿಗೆ ಹೊಡೆಯಿರಿ, ಹುಡುಕಲು ಸುಲಭ. ಮೊಳೆ ಪೂರ್ತಿ ಒಳಗೆ ಹೋಗಬಾರದು, ಎರಡು ಬೆರಳು ಹೊರಗೆ ಬಿಡಿ. ಇಲ್ಲದಿದ್ದರೆ ಮರ ದಪ್ಪ ಆಗುತ್ತಾ ತಗಡನ್ನೇ ನುಂಗುತ್ತದೆ. ಸಣ್ಣ ಸಸಿಗೆ ಮೊಳೆ ಬೇಡ, ಪಕ್ಕದಲ್ಲಿ ಕೋಲು ನೆಟ್ಟು ಅದಕ್ಕೆ ಕಟ್ಟಿ.